ಟ್ಯಾನಿಸಳ ಕಸದಬುಟ್ಟಿ

ಜನವರಿ 17, ಮಂಗಳವಾರ

ಕಾರು ಹೊರಡಲಿಲ್ಲ. ರಾತ್ರಿ ಎಂಜಿನ್ ಹೆಪ್ಪುಗಟ್ಟದಿರಲೆಂದು ಹೀಟರಿನ ವೈರು ಚುಚ್ಚಿದ್ದೆ, ಸ್ವಿಚ್ ಹಾಕುವುದು ಮರೆತಿದ್ದೆ. ಹುಟ್ಟಿದ್ದು ಇದೇ ಚಳಿಯಲ್ಲಿ, ಆದರೂ ಬುದ್ಧಿ ಬರಲಿಲ್ಲ. ಬಸ್ಸು ಹಿಡಿದು ಮಕ್ಕಳ ಆಸ್ಪತ್ರೆ ಸೇರುವಷ್ಟರಲ್ಲಿ ಮೀಸೆ ತುಂಬ ಹಿಮ.

ಮಧ್ಯಾಹ್ನ ಊಟಕ್ಕೆ ಏಳುತ್ತಿದ್ದೆ, ಟ್ಯಾನಿಸ್ ಕ್ರೋಕರ್ ಬಾಗಿಲಲ್ಲಿ. ನಮ್ಮ ಎಂಆರ್‌ಐ ಯಂತ್ರದ ಭೌತವಿಜ್ಞಾನಿ. ಯಾವ ಹೊಸ ಸ್ಕ್ಯಾನ್ ಕಟ್ಟಿದರೂ ಮಕ್ಕಳಿಗಿಂತ ಮೊದಲು ನಮ್ಮ ಮೇಲೆ ಪ್ರಯೋಗ — ಇದು ಇಲ್ಲಿನ ಪದ್ಧತಿ. ಕೈಗೆ ಸಿಕ್ಕವರನ್ನು ಎಳೆದೊಯ್ದು ಒಳಗೆ ತಳ್ಳುತ್ತಾಳೆ. ಕೂಲಿ ಒಂದು ಕಾಫಿ, ಒಂದು ಡೋನಟ್.

"ಐನಾರ್, ಇವತ್ತು ನಿಮ್ಮ ಸರದಿ. ಒಳಗೆ ಹೋಗಿ ನಾಲ್ಕು ವರ್ಷದ ಮಗು ಥರ ಅಲ್ಲಾಡಬೇಕು."

"ನಾನು ಮಕ್ಕಳ ಸ್ಕ್ಯಾನ್ ಓದೋ ಡಾಕ್ಟರ್ ಕಣೆ. ಮಗು ಅಲ್ಲ."

"ಹಠ ಎಲ್ಲಾ ಮಗುದೇ. ಬನ್ನಿ."

ಮಲಗಿದೆ. ಅಲ್ಲಾಡಲು ಬರಲೇ ಇಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಊರಿಗೆಲ್ಲ "ಅಲ್ಲಾಡಬೇಡಿ" ಎಂದು ಹೇಳಿ ಹೇಳಿ ಮೈಗೇ ಹತ್ತಿಬಿಟ್ಟಿದೆ. ಕೊರಡಿನ ಹಾಗೆ ಬಿದ್ದಿದ್ದೆ. ಸ್ಪೀಕರಿನಲ್ಲಿ ದನಿ —

"ಐನಾರ್, ಬದುಕಿದ್ದೀರಾ?"

"ಹೂಂ."

"ಹಾಗಾದ್ರೆ ಮೂಗು ತುರಿಸ್ಕೊಳ್ಳಿ. ಅಮ್ಮ ಎಲ್ಲಿ ಅಂತ ತಿರುಗಿ ನೋಡಿ. ಉಚ್ಚೆ ಬಂದಿರೋ ಥರ ಕಾಲು ಹೊಸೀರಿ."

"ಅದಕ್ಕೆ ನಟನೆ ಬೇಕಿಲ್ಲ. ಈ ವಯಸ್ಸಿಗೆ ನಿಜವಾಗ್ಲೂ ಬಂದಿದೆ."

ಕೊನೆಗೆ ಹೊರಳಾಡಿದೆ, ಕೆಮ್ಮಿದೆ, ಕಾಲು ಝಾಡಿಸಿದೆ. ಚಿತ್ರ ನೋಡಿದರೆ — ನನ್ನ ಬೆನ್ನುಮೂಳೆ, ಯಕೃತ್ತು, ಮಂಡಿ, ಎಲ್ಲ ಒರೆಸಿಟ್ಟ ಗಾಜಿನಷ್ಟು ಸ್ವಚ್ಛ. ಇಷ್ಟು ಕುಣಿದ ಮೈಯನ್ನು ಹಳೆಯ ಪದ್ಧತಿಯಲ್ಲಿ ತೆಗೆದಿದ್ದರೆ ಕಲಸಿದ ಹಿಟ್ಟಷ್ಟೇ ಕಾಣುತ್ತಿತ್ತು. ಬೆರಗಾದೆ. ಅವಳಿಗೆ ಹೇಳಲಿಲ್ಲ. ತಲೆ ಮೇಲೆ ಕೂರುತ್ತಾಳೆ.

ಜನವರಿ 26, ಗುರುವಾರ

ಟ್ಯಾನಿಸಳ ಹೊಸ ಸ್ಕ್ಯಾನಿನ ಅಧ್ಯಯನಕ್ಕೆ ಇವತ್ತು ಇನ್ನೊಂದು ಮಗು. ಅಮಿಹಾನ್ ದಿಮಾಕುಲಾಂಗನ್, ಐದು ವರ್ಷ. ಕ್ಯಾನ್ಸರ್ ವಂಶದಲ್ಲೇ ಹರಿಯುವ ಮನೆ. ಇಂಥ ಮಕ್ಕಳಿಗೆ ವರ್ಷವರ್ಷವೂ ಮೈಯೆಲ್ಲ ಸ್ಕ್ಯಾನ್ ಆಗಬೇಕು, ಗಡ್ಡೆ ಚಿಕ್ಕದಿರುವಾಗಲೇ ಹಿಡಿಯಬೇಕು. ಎಕ್ಸ್‌ರೇ ಜಾತಿಯ ಯಂತ್ರ ಬೇಡ, ಆ ಕಿರಣವೇ ಇವರ ಮೈಗೆ ಶತ್ರು. ಉಳಿದದ್ದು ಎಂಆರ್‌ಐ. ಅದಕ್ಕೆ ಒಂದು ಗಂಟೆಗೂ ಮೇಲೆ ಕಲ್ಲಿನ ಹಾಗೆ ಮಲಗಬೇಕು. ಯಾವ ಐದು ವರ್ಷದ ಮಗು ಮಲಗೀತು? ಆದ್ದರಿಂದ ಪ್ರತಿ ವರ್ಷ ಹಸಿದ ಹೊಟ್ಟೆ, ಮುಖಕ್ಕೆ ಮಾಸ್ಕ್, ಅರಿವಳಿಕೆ, ಅಳು.

ಟ್ಯಾನಿಸಳದು ಎಚ್ಚರದಲ್ಲೇ ಆಗುವ ಸ್ಕ್ಯಾನ್. ಕಾರ್ಟೂನ್ ಒಂದು ಮುಗಿಯುವಷ್ಟು ಹೊತ್ತು, ಅಷ್ಟೆ. ಸಾವಿರಾರು ಮಕ್ಕಳ ಚಿತ್ರ ತೋರಿಸಿ ಯಂತ್ರಕ್ಕೆ ಕಲಿಸಿದ್ದಾಳೆ — ಯಾವುದು ಮಗು, ಯಾವುದು ಮಗುವಿನ ಅಲುಗಾಟ. ಅಲುಗಾಟವನ್ನು ಅದು ಒರೆಸಿ ಹಾಕುತ್ತದೆ. ಆರು ವರ್ಷದ ದುಡಿಮೆ. ಈಗ ಒಂದೊಂದು ಮಗುವಿಗೂ ಒಂದೇ ದಿನ ಎರಡೂ ಸ್ಕ್ಯಾನ್: ಮೊದಲು ಅವಳದು, ಆಮೇಲೆ ಅರಿವಳಿಕೆ ಕೊಟ್ಟು ಹಳೆಯದು. ಅವಳದನ್ನು ಓದುವವನು ನಾನು. ಹಳೆಯದನ್ನು ಓದಿ ಮನೆಯವರಿಗೆ ವರದಿ ಕೊಡುವುದು ಇನ್ನೊಬ್ಬ ಸಹೋದ್ಯೋಗಿ. ಒಬ್ಬರದು ಒಬ್ಬರು ನೋಡುವ ಹಾಗಿಲ್ಲ. ಮಾರ್ಚಿನಲ್ಲಿ ಸಮಿತಿ ಕೂತು ಎರಡನ್ನೂ ಹೋಲಿಸಿ, ಅರಿವಳಿಕೆ ಬಿಡಬಹುದೇ ಎಂದು ತೀರ್ಮಾನಿಸುತ್ತದೆ.

ಅಮಿಹಾನ್ ಬಾಯಿಗೆ ಬೀಗವಿಲ್ಲ. ಅವರಲ್ಲಿ ಚಿಕ್ಕಪ್ಪ, ಮಾವ ಎಲ್ಲರೂ "ತಿತೋ". ನಾನೂ ಆದೆ.

"ತಿತೋ, ನಿಮ್ಮ ಮೀಸೆ ಕೆಳಗೆ ಬಾಯಿ ಇದೆಯಾ?"

ತೆರೆದು ತೋರಿಸಿದೆ. ನಂಬಿದಳು.

ತಾಯಿ ರೊಸಾಲಿ, ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಹಿರಿಯ ಮಗ ಕ್ರಿಸಾಂತೋ ತೊಡೆಯ ಮೂಳೆಯ ಕ್ಯಾನ್ಸರಿನಲ್ಲಿ ಹೋದ, ಎಂಟು ವರ್ಷಕ್ಕೆ. ಈಗ ಇರುವುದು ಇವಳೊಬ್ಬಳೇ.

"ಡಾಕ್ಟ್ರೇ, ಈ ಮಾಸ್ಕ್ ಹಾಕೋದು ನಿಲ್ಲತ್ತಾ? ಹೋದ್ ಸಲ ಎದ್ದಾಗ ಒದ್ದಾಡಿಬಿಟ್ಲು. ನನ್ನ ಮುಖಾನೇ ನೋಡ್ಕೊಂಡು, ಅಮ್ಮ ಎಲ್ಲಿ, ಅಮ್ಮನ್ನ ಕರೀರಿ ಅಂತಿದ್ಲು."

ನಿಲ್ಲಬಹುದು ಎಂದೆ. ಟ್ಯಾನಿಸ್ ಪಕ್ಕದಲ್ಲೇ ಇದ್ದಳು, "ನಿಲ್ಲತ್ತೆ" ಎನ್ನಲಿಲ್ಲ. "ಪ್ರಯತ್ನ ಮಾಡ್ತಿದ್ದೀವಿ" ಎಂದಳು.

ಜನವರಿ 27, ಶುಕ್ರವಾರ

ಅಮಿಹಾನಳದು ಓದಿದೆ. ಉಸಿರಾಡುತ್ತ, ಮಾತಾಡುತ್ತ ಇದ್ದ ಮಗುವಿನ ಎದೆಗೂಡು ಇಷ್ಟು ಚೊಕ್ಕಟವಾಗಿ ಬಂದದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಬರೆದೆ: ಏನೂ ಇಲ್ಲ.

ಇವತ್ತು ತಡೆಯಲಾಗಲಿಲ್ಲ, ಹೋಗಿ ಹೇಳಿದೆ, ಚೆನ್ನಾಗಿ ಬರುತ್ತಿದೆ ಎಂದು. ಸೂರ್ಯಕಾಂತಿ ಬೀಜ ಜಗಿಯುತ್ತ ಕೂತಿದ್ದಳು. ದಕ್ಷಿಣದ ಮೆನನೈಟ್ ಕ್ರೈಸ್ತ ಪಂಗಡದ ಹಳ್ಳಿಯವರೆಲ್ಲ ಹೀಗೇ, ಬಾಯಿ ಸುಮ್ಮನಿರದು. ಸಿಪ್ಪೆ ಲೋಟಕ್ಕೆ ಉಗಿದು, "ಕಸ ನೋಡಿದ್ಮೇಲೆ ಹೇಳ್ತೀನಿ" ಎಂದಳು.

ಇದು ಅವಳ ಚಟ. ಯಂತ್ರ ಒರೆಸಿ ಹಾಕಿದ್ದೆಲ್ಲವನ್ನೂ ಕೂಡಿಸಿ ಇನ್ನೊಂದು ಚಿತ್ರ ಮಾಡುತ್ತಾಳೆ. ಅದರಲ್ಲಿ ಏನೂ ಇರುವುದಿಲ್ಲ, ಬರೀ ಹಿಮ ಬಿದ್ದ ಹಾಗೆ ಚುಕ್ಕೆ ಚುಕ್ಕೆ. ಅಧ್ಯಯನದ ನಿಯಮದಲ್ಲಿ ಇಲ್ಲ, ಯಾರೂ ಕೇಳಿಲ್ಲ. ಒಂದೊಂದಕ್ಕೂ ಅರ್ಧ ದಿನ ಹಿಡಿಯುತ್ತದೆ. ವಾರಗಟ್ಟಲೆ ಬಾಕಿ ಬಿದ್ದಿವೆ.

"ಗುಡ್ಡ ಅಗೆದು ಇಲಿ ಹಿಡಿಯೋ ಕೆಲಸ" ಎಂದೆ.

"ಇಲಿ ಇದ್ರೆ ಹಿಡೀಬೇಕಲ್ವಾ. ನಮ್ಮಜ್ಜಿ ಕಾಳು ಕೇರಿದ್ಮೇಲೆ ಹೊಟ್ಟಿಗೂ ಕೈ ಹಾಕಿ ನೋಡೋಳು."

"ಸಿಕ್ಕಿತ್ತಾ ಏನಾದ್ರೂ?"

"ಒಂದ್ಸಲ ತಾತನ ಹಲ್ಲು."

ಫೆಬ್ರವರಿ 9, ಗುರುವಾರ. ಮಧ್ಯಾಹ್ನ

ಟ್ಯಾನಿಸ್ ಬಂದಳು, ಬಾಗಿಲು ಹಾಕಿದಳು. ಎಂದೂ ಹಾಕುವವಳಲ್ಲ.

"ಒಂದು ಕಸ ನೋಡಿ. ಯಾರದ್ದು ಅಂತ ಹೇಳಲ್ಲ."

ಹಿಮ. ಬರೀ ಹಿಮ. ಆಮೇಲೆ ಬಲ ಭುಜದ ಹಲಗೆಮೂಳೆಯ ಅಡಿ, ಪಕ್ಕೆಲುಬಿಗೆ ಅಂಟಿದ ಸ್ನಾಯುವಿನಲ್ಲಿ — ಒಂದು ಚುಕ್ಕೆ. ಬಟಾಣಿಯಷ್ಟು. ದುಂಡಗೆ.

ಯಂತ್ರದ ತೊದಲು ಇರಬಹುದು ಎಂದೆ. ತಲೆಯಾಡಿಸಿದಳು. ಪ್ರತಿ ಮಗುವನ್ನೂ ಎರಡು ಸಲ ಅಳೆಯುತ್ತದೆ ಅವಳ ಸ್ಕ್ಯಾನ್. ಎರಡರಲ್ಲೂ ಅದೇ ಜಾಗ, ಅದೇ ಗಾತ್ರ. ತೊದಲು ಎರಡು ಸಲ ಒಂದೇ ಜಾಗದಲ್ಲಿ ಕೂರುವುದಿಲ್ಲ.

"ಒರೆಸಿದ ಮೇಲಿನ ಚಿತ್ರ ತೋರಿಸು."

ತೋರಿಸಿದಳು. ಅಲ್ಲಿ ಸ್ನಾಯು ಸಪಾಟು, ನುಣುಪು. ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ಎದೆಗೂಡು ಮರೆಯುವಂಥದಲ್ಲ. ನಾನೇ ಏನೂ ಇಲ್ಲ ಎಂದು ಬರೆದಿದ್ದೆ, ಆ ಚಿತ್ರದಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಇದ್ದದ್ದನ್ನು ಯಂತ್ರ ತೆಗೆದುಬಿಟ್ಟಿತ್ತು.

ಟ್ಯಾನಿಸ್ ನಿಂತೇ ಇದ್ದಳು. "ನಾನು ಅದಕ್ಕೆ ಆರೋಗ್ಯವಾಗಿರೋ ಮಕ್ಕಳನ್ನೇ ತೋರಿಸಿ ಬೆಳೆಸಿದ್ದೀನಿ ಐನಾರ್. ಸಿಗೋದೇ ಅವು. ನಮ್ಮ ಕೆಲಸದಲ್ಲಿ ಎಲ್ರೂ ಹಾಗೇ ಮಾಡೋದು. ಮಗು ಅಂದ್ರೆ ಹೀಗೇ ಇರತ್ತೆ ಅಂತ ಅದು ನಂಬಿದೆ. ಇದನ್ನ ನೋಡಿ, ಇದು ಮಗುದಲ್ಲ, ಅಲುಗಾಟದ್ದು ಅಂತ ಒರೆಸಿದೆ."

ಹಳೆಯ ಸ್ಕ್ಯಾನಿನಲ್ಲಿ ಕಂಡಿರುತ್ತದೆ, ಮನೆಯವರಿಗೆ ಆಗಲೇ ಹೇಳಿರುತ್ತಾರೆ, ನಮಗೆ ಮಾರ್ಚಿನಲ್ಲಿ ಹೋಲಿಸುವಾಗ ಗೊತ್ತಾಗುತ್ತದೆ ಎಂದೆ. ಈಗ ತೆರೆದು ನೋಡಿದರೆ ನಿಯಮ ಮುರಿದಂತೆ, ಅಧ್ಯಯನವೇ ನೆಲ ಕಚ್ಚುತ್ತದೆ ಎಂದೂ ಹೇಳಿದೆ. ಅವಳ ಪರವಾಗಿಯೇ ಹೇಳಿದೆ.

"ಅದರಲ್ಲೂ ಕಾಣದಿದ್ರೆ? ಮಾರ್ಚ್ ತನಕ ಆ ಮಗು ಯಾಕೆ ಕಾಯ್ಬೇಕು? ಸಮಿತಿಯವರಿಗೆ ಫೋನ್ ಮಾಡಿ ಬಂದಿದ್ದೀನಿ. ನನ್ನ ಸ್ಕ್ಯಾನ್ ಒಂದು ಗಡ್ಡೆ ಅಳಿಸಿರಬಹುದು, ಅಧ್ಯಯನ ನಿಲ್ಲಿಸಿ ಅಂದೆ."

ನನಗೆ ತೋರಿಸುವ ಮೊದಲೇ. ನಾನು ಅಲ್ಲಗಳೆಯುವ ಮೊದಲೇ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹೆಂಗಸು ಆರು ವರ್ಷ ಸಾಕಿದ್ದನ್ನು ತಾನೇ ಬೀದಿಗೆ ತಂದು, ನೋಡಿ, ಇದು ಹೆಗ್ಗಣ ಎಂದಳು.

ಅದೇ ದಿನ, ಸಂಜೆ 5

ಸಮಿತಿಯ ಒಪ್ಪಿಗೆ ಪಡೆದು ಹಳೆಯದನ್ನೂ ತೆರೆದೆವು. ವರದಿ: ಏನೂ ಇಲ್ಲ. ಅರಿವಳಿಕೆಯಲ್ಲೂ ಮಗು ಉಸಿರಾಡುತ್ತಲೇ ಇರುತ್ತದೆ, ಆ ಪಕ್ಕೆಲುಬಿನ ಜಾಗವೆಲ್ಲ ಮಸುಕು. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಒಂದು ಅನುಮಾನದ ನೆರಳು. ಗೊತ್ತಿಲ್ಲದಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ.

ಅಂದರೆ ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಇದ್ದದ್ದು ಅವಳ ಕಸದಬುಟ್ಟಿಯಲ್ಲಿ ಮಾತ್ರ.

ರೊಸಾಲಿಗೆ ಫೋನ್ ಮಾಡಿದೆ. ನಾಳೆ ಕರೆತನ್ನಿ, ಒಂದು ಜಾಗ ಇನ್ನೊಮ್ಮೆ ನೋಡಬೇಕು.

"ಎಲ್ಲಾ ಸರಿ ಇದೆ ಅಂತ ಬರೆದು ಕೊಟ್ಟಿದ್ರಲ್ಲ ಡಾಕ್ಟ್ರೇ."

ಹೌದು ಎಂದೆ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಎಷ್ಟು ಗಂಟೆಗೆ ಎಂದು ಕೇಳಿದಳು.

ಫೆಬ್ರವರಿ 10, ಶುಕ್ರವಾರ

ಆ ಜಾಗವೊಂದನ್ನೇ, ಹತ್ತಿರದಿಂದ, ನಿಧಾನವಾಗಿ. ಮತ್ತೆ ಮಾಸ್ಕ್, ಮತ್ತೆ ಅಳು.

ಇದೆ.

ಫೆಬ್ರವರಿ 21, ಮಂಗಳವಾರ

ಶಸ್ತ್ರಚಿಕಿತ್ಸಕರು ಇಡಿಯಾಗಿ ತೆಗೆದರು. ಪರೀಕ್ಷೆಯ ಫಲ ಬಂತು: ಕ್ಯಾನ್ಸರೇ, ಸ್ನಾಯುವಿನದು, ಕೆಟ್ಟ ಜಾತಿ. ಆದರೆ ಚಿಕ್ಕದು. ಸುತ್ತಲ ಅಂಚೆಲ್ಲ ಶುದ್ಧ, ಎಲ್ಲಿಗೂ ಹರಡಿಲ್ಲ. ಇನ್ನು ಕೆಲವು ತಿಂಗಳು ಕೀಮೋ. ಕ್ಯಾನ್ಸರ್ ವಿಭಾಗದ ಡಾಕ್ಟರ್ ಲಿಫ್ಟಿನಲ್ಲಿ ಸಿಕ್ಕರು. "ಇಷ್ಟು ಚಿಕ್ಕದನ್ನ ನಾನು ನೋಡೇ ಇಲ್ಲ. ಮುಂದಿನ ವರ್ಷದ ಸ್ಕ್ಯಾನಿಗೆ ಸಿಕ್ಕಿದ್ರೆ ನಾವು ಬೇರೆ ಮಾತಾಡ್ತಿದ್ವಿ" ಎಂದರು.

ಟ್ಯಾನಿಸಳಿಗೆ ಹೇಳಿದೆ. ಕುರ್ಚಿಯಲ್ಲಿ ಕೂತು ಅತ್ತಳು. ನಾನು ಕಿಟಕಿ ನೋಡಿದೆ. ನೋಡುವಂಥದೇನೂ ಇರಲಿಲ್ಲ, ಪಾರ್ಕಿಂಗ್ ಜಾಗ.

ಮಾರ್ಚ್ 14, ಮಂಗಳವಾರ

ಸಮಿತಿ. ಟ್ಯಾನಿಸ್ ಎದ್ದು ನಿಂತು ಮೊದಲು ತೋರಿಸಿದ್ದೇ ಆ ನುಣುಪಾದ ಸ್ನಾಯು. "ಇದು ಸುಳ್ಳು ಚಿತ್ರ. ಮಾಡಿದವಳು ನಾನು." ಮಿಕ್ಕ ಮಕ್ಕಳೆಲ್ಲರ ಸೊಗಸಾದ ಫಲಿತಾಂಶ ಆಮೇಲೆ, ಅದೂ ಗಡಿಬಿಡಿಯಲ್ಲಿ.

ಈ ಸ್ಕ್ಯಾನನ್ನು ಮಾರಾಟಕ್ಕೆ ತರಲಿದ್ದ ಕಂಪನಿಯ ಮನುಷ್ಯ ಬಂದಿದ್ದ. ಒಳ್ಳೆಯ ಕೋಟು.

"ಒಂದು ಮಗುಗೋಸ್ಕರ ಇಷ್ಟು ದೊಡ್ಡ ಕೆಲಸ ನಿಲ್ಲಿಸೋದು ಬೇಡ. ಎಷ್ಟೋ ಮಕ್ಕಳಿಗೆ ಅರಿವಳಿಕೆ ತಪ್ಪತ್ತೆ. ಇದನ್ನ ಮುಂದಿನ ಸಲ ಸರಿ ಮಾಡ್ಕೊಂಡ್ರಾಯ್ತು."

ಟ್ಯಾನಿಸ್ ದನಿ ಏರಿಸಲಿಲ್ಲ. "ಆ ಒಂದು ಮಗು ಐದನೇ ಮಹಡೀಲಿದೆ. ಕೀಮೋ ನಡೀತಿದೆ. ಅವರಮ್ಮನೂ ಇದ್ದಾರೆ. ಹೋಗಿ ಈ ಮಾತು ಹೇಳಿ ಬರ್ತೀರಾ? ಲಿಫ್ಟ್ ತೋರಿಸ್ತೀನಿ."

ಅವನು ಕಾಗದ ಜೋಡಿಸಿಕೊಂಡ. ಅಧ್ಯಯನ ನಿಂತಿತು. ಕಂಪನಿ ಕೈ ತೊಳೆದುಕೊಂಡಿತು.

ಕ್ಯಾಂಟೀನಿನಲ್ಲಿ ಕೂತೆವು. ನಾನು ಐಸ್‌ಲ್ಯಾಂಡಿನಿಂದ ಬಂದ ನಮ್ಮ ಮನೆತನದ ಮುದುಕರ ಹಾಗೆ ಸಕ್ಕರೆ ಅಚ್ಚು ಹಲ್ಲಿನಲ್ಲಿ ಕಚ್ಚಿ ಕಾಫಿ ಹೀರುತ್ತೇನೆ, ಯಾವಾಗಲೂ ನಗುತ್ತಾಳೆ. ಇವತ್ತು ನಗಲಿಲ್ಲ. ಹೇಳಿಬಿಟ್ಟೆ — ಇಷ್ಟು ವರ್ಷದಲ್ಲಿ ಬಹಳ ಜಾಣರನ್ನು ನೋಡಿದ್ದೇನೆ, ನಿನ್ನಂಥವಳನ್ನು ನೋಡಿಲ್ಲ, ನಿನ್ನ ಜೊತೆ ಕೆಲಸ ಮಾಡುವುದು ನನಗೆ ಹೆಮ್ಮೆ ಎಂದು. ಸಕ್ಕರೆ ಬಾಯಲ್ಲಿಟ್ಟುಕೊಂಡು ಹೇಳುವ ಮಾತಲ್ಲ, ಅರ್ಧ ತೊದಲಿತು.

"ಏನಂದ್ರಿ? ಕೇಳಿಸಲಿಲ್ಲ."

"ಏನಿಲ್ಲ."

"ಕೇಳಿಸ್ತು. ಇನ್ನೊಂದ್ಸಲ ಹೇಳಿಸೋಣ ಅಂತ."

ಆಮೇಲೆ ಕಾಗದದ ಕರವಸ್ತ್ರದ ಮೇಲೆ ಗೀಚತೊಡಗಿದಳು. ಯಂತ್ರಕ್ಕೆ ಇನ್ನು ರೋಗ ಇರುವ ಮಕ್ಕಳನ್ನೂ ತೋರಿಸಬೇಕು. ದೇಶದ ಎಲ್ಲ ಮಕ್ಕಳ ಆಸ್ಪತ್ರೆಗಳಿಂದ ಚಿತ್ರ ಬೇಡಿ ತರಬೇಕು. ಮತ್ತೆ, ಕಸದ ಚಿತ್ರ ಪಕ್ಕದಲ್ಲೇ ಬರಬೇಕು. ಅದನ್ನು ನೋಡದೆ ಯಾವ ಡಾಕ್ಟರೂ ಸಹಿ ಹಾಕಲಾಗದ ಹಾಗೆ ಯಂತ್ರವೇ ತಡೆಯಬೇಕು.

"ನಮ್ಮನ್ನ ನಂಬಲ್ಲ ನೀನು" ಎಂದೆ.

"ನನ್ನನ್ನೇ ನಂಬಲ್ಲ. ನೀವ್ಯಾವ ಲೆಕ್ಕ?"

ಜೂನ್ 8, ಗುರುವಾರ

ಕೆರೆಯಲ್ಲಿ ಐಸ್ ಕರಗಿ ತಿಂಗಳಾಯಿತು, ಸೊಳ್ಳೆ ಶುರು. ಇಷ್ಟು ದಿನ ಇದರಲ್ಲಿ ಬರೆಯಲಿಲ್ಲ. ಟ್ಯಾನಿಸ್ ಆಸ್ಪತ್ರೆ ಆಸ್ಪತ್ರೆ ತಿರುಗಿ ಚಿತ್ರ ಕೂಡಿಸುತ್ತಿದ್ದಾಳೆ. ಕಣ್ಣ ಕೆಳಗೆ ಕಪ್ಪು.

ಇವತ್ತು ರೊಸಾಲಿ ನಮ್ಮ ಯಂತ್ರವಿರುವ ನೆಲಮಾಳಿಗೆಗೆ ಬಂದಳು, ದೊಡ್ಡ ಟ್ರೇ ತುಂಬ ಪಾನ್ಸಿತ್, ಅವರ ಶ್ಯಾವಿಗೆ. "ಕಸ ನೋಡಿದೋಳು ಯಾರು?" ಎಂದಳು. ತೋರಿಸಿದೆ. ಬಿಸಿ ಟ್ರೇ ಅವಳ ಕೈಗಿಟ್ಟು ನಿಂತಳು. ಹೋಗಲಿಲ್ಲ.

"ಒಂದು ಕೇಳ್ಬೇಕಿತ್ತು. ಕ್ರಿಸಾಂತೋಗೂ ಸ್ಕ್ಯಾನ್ ಮಾಡಿದ್ರು. ಕಾಲು ನೋವು ಬರೋಕೆ ಮುಂಚಿನ ವರ್ಷ. ಏನೂ ಇಲ್ಲ ಅಂದ್ರು. ಅವನ ಕಸದಲ್ಲೂ ಏನಾದ್ರೂ ಇತ್ತಾ?"

ನನಗೆ ಉತ್ತರಗಳು ಗೊತ್ತು. ಆಗಿನ ಯಂತ್ರ ಬೇರೆ, ಆ ಗಡ್ಡೆ ಬೇಗ ಬೆಳೆಯುವಂಥದು, ನಿಮ್ಮ ತಪ್ಪೇನಿಲ್ಲ. ಇವನ್ನೆಲ್ಲ ಹೇಳಿ ರೂಢಿ. ಬಾಯಿ ತೆರೆದೆ. ಟ್ಯಾನಿಸ್ ಮುಂದಾದಳು.

"ಗೊತ್ತಿಲ್ಲ ರೊಸಾಲಿ. ಗೊತ್ತಾಗೋದೂ ಇಲ್ಲ. ಯಂತ್ರ ಅಳೆದಿದ್ದನ್ನ ಆಗ ಯಾರೂ ಇಟ್ಕೊಳ್ತಿರಲಿಲ್ಲ. ಚಿತ್ರ ಮಾತ್ರ ಇಟ್ಕೊಂಡು, ಮಿಕ್ಕಿದ್ದು ಜಾಗ ಸಾಲಲ್ಲ ಅಂತ ಅಳಿಸಿಬಿಡೋರು. ಅಳಿಸ್ತಿದ್ದೋರು ಬೇರೆ ಯಾರೂ ಅಲ್ಲ, ನಾವೇ. ಅವನದ್ದೂ ಅಳಿಸಿಹೋಗಿದೆ. ಹುಡುಕಿದೆ ನಾನು, ಫೆಬ್ರವರಿಯಲ್ಲೇ. ಇಲ್ಲ."

ಹುಡುಕಿದ್ದು ನನಗೂ ಹೇಳಿರಲಿಲ್ಲ. ಯಂತ್ರದ ಪಂಪು ಚಪ್ಪಾಳೆ ತಟ್ಟಿದ ಹಾಗೆ ಸದ್ದು ಮಾಡುತ್ತಲೇ ಇತ್ತು. ರೊಸಾಲಿ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡೆ.

"ಅವನು ಹೋದಾಗಿಂದ ಎಲ್ರೂ ಸಮಾಧಾನ ಹೇಳಿದ್ರು" ಎಂದಳು. "ಗೊತ್ತಿಲ್ಲ ಅಂದೋಳು ನೀನೊಬ್ಳೇ."

ಟ್ಯಾನಿಸ್ ಟ್ರೇ ಹಿಡಿದೇ ನಿಂತಿದ್ದಳು, ಕೈ ಸುಡುತ್ತಿತ್ತೋ ಏನೋ.

"ಈಗ ಇಟ್ಕೊಳ್ತೀರಾ?"

"ಒಂದೊಂದು ಮಗುದೂ."

"ಜಾಗ ಸಾಲದಿದ್ರೆ?"

"ಜಾಗ ತರ್ತೀನಿ."

ರೊಸಾಲಿ ಟ್ರೇ ವಾಪಸ್ ತೆಗೆದುಕೊಂಡು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. "ತಿನ್ನು, ಆರಿಹೋಗತ್ತೆ. ಎಷ್ಟು ಸೊರಗಿದ್ದೀಯ. ಡಾಕ್ಟ್ರೇ, ನಿಮಗೆ ಆಮೇಲೆ."

ತಿಂದೆವು. ಅಂಥ ಪಾನ್ಸಿತ್ ತಿಂದಿಲ್ಲ.

ನವೆಂಬರ್ 21, ಮಂಗಳವಾರ

ಹೊಸದಾಗಿ ಕಲಿತ ಯಂತ್ರ. ಅಮಿಹಾನಳ ಆ ಹಳೆಯ ಅಳತೆಯನ್ನೇ ಮತ್ತೆ ಕೊಟ್ಟು ನೋಡಿದೆವು. ಚುಕ್ಕೆ ಈಗ ಚಿತ್ರದಲ್ಲೇ ಇದೆ, ಕೂತ ಜಾಗದಲ್ಲಿ, ಅಂಚು ಸಮೇತ. ಕಸದಲ್ಲಿ ಬರೀ ಹಿಮ.

ಟ್ಯಾನಿಸ್ ಹಿಗ್ಗಲಿಲ್ಲ. "ಒಂದು ಇಲಿ ಗುರುತು ಹಿಡಿಯೋದು ಕಲಿತಿದೆ, ಅಷ್ಟೇ."

ನಾನು ಹಿಗ್ಗಿದೆ. ಮನೆಗೆ ಹೋಗುವಾಗ ಬೇಕರಿಯಲ್ಲಿ ಇಡೀ ಕೇಕು ಕೊಂಡೆ. ಯಾರಿಗೆಂದು ಕೇಳಿದರು. ನನಗೇ ಎಂದೆ.

ಜನವರಿ 30, ಮಂಗಳವಾರ

ಮತ್ತೆ ಶುರುವಾದ ಅಧ್ಯಯನದ ಎರಡನೆಯ ಸುತ್ತು ಮುಗಿಯಿತು, ಮಕ್ಕಳೆಲ್ಲರ ಸ್ಕ್ಯಾನ್ ಆಯಿತು. ಅರಿವಳಿಕೆ ಬಿಡಲು ಸಮಿತಿ ಒಪ್ಪಿತು. ಷರತ್ತು: ಕಸದ ಚಿತ್ರ ಇಬ್ಬರು ಓದಬೇಕು, ಕೂದಲೆಳೆಯಷ್ಟು ಅನುಮಾನ ಬಂದರೂ ಹಳೆಯ ಪದ್ಧತಿಗೆ. ಷರತ್ತು ಬರೆದುಕೊಟ್ಟವಳು ಅವಳೇ.

ಮಾರ್ಚ್ 5, ಮಂಗಳವಾರ

ಚಿಕಿತ್ಸೆ ಮುಗಿದ ಮೇಲೆ ಅಮಿಹಾನಳ ಮೊದಲ ಪೂರ್ತಿ ಸ್ಕ್ಯಾನ್. ವಾಪಸ್ ಬಂದಿದೆಯೇ, ಬೇರೆಲ್ಲಾದರೂ ಮೊಳೆತಿದೆಯೇ — ಇವತ್ತು ತಿಳಿಯಬೇಕು. ರಾತ್ರಿ ನಿದ್ದೆ ಬಂದಿರಲಿಲ್ಲ. ರೊಸಾಲಿಗೆ ಬಂದಿರುತ್ತದೆಯೇ?

ಮಾಸ್ಕ್ ಇಲ್ಲ. ಬೆಳಗ್ಗೆ ಹೊಟ್ಟೆ ತುಂಬ ತಿಂದು ಬಂದಿದ್ದಾಳೆ. ಆರು ವರ್ಷ, ಕೂದಲು ಕುರಿಮರಿಯ ಹಾಗೆ ಹೊಸದಾಗಿ ಬಂದಿದೆ. ಯಂತ್ರದೊಳಗೆ ಮಲಗಿ ಉದ್ದಕ್ಕೂ ಮಾತು. ಕಾರ್ಟೂನಿನ ನಾಯಿಗೆ ಬುದ್ಧಿ ಹೇಳಿದಳು. ಕಾಲು ಕುಣಿಸಿದಳು. ಒಮ್ಮೆ ತಿರುಗಿ ಅಮ್ಮನನ್ನು ನೋಡಿದಳು, ಅಮ್ಮ ಅಲ್ಲೇ ಕುರ್ಚಿಯಲ್ಲಿದ್ದಳು. ಮುಗಿದ ಮೇಲೆ ನಡೆದೇ ಹೊರಬಂದು, "ತಿತೋ, ಇಷ್ಟೇನಾ?" ಎಂದಳು.

ಇಷ್ಟೇ.

ಮನೆಗೆ ಹೋಗಿ, ಓದಿ ಫೋನ್ ಮಾಡುತ್ತೇನೆ ಎಂದೆ. ನಾನು ಮೊದಲು ಓದಿದೆ. ಭುಜದ ಹಿಂದೆ ಗಾಯದ ಗೆರೆಯಷ್ಟೇ. ತಲೆಯಿಂದ ಹಿಮ್ಮಡಿಯವರೆಗೆ ಮೂರು ಸಲ ಹೋಗಿ ಬಂದೆ. ಕಸ ನೋಡಿದೆ. ಸಹೋದ್ಯೋಗಿ ನೋಡಿದ. ಟ್ಯಾನಿಸ್ ನೋಡಿದಳು, ಬೀಜ ಜಗಿಯುವುದನ್ನು ನಿಲ್ಲಿಸಿ. ಆಮೇಲೆ ಫೋನನ್ನು ನನ್ನ ಕಡೆ ತಳ್ಳಿದಳು. ನೀನೇ ಹೇಳು ಎಂದೆ. "ನಾನು ಹೇಳಿದ್ದು ಆಗಿದೆ. ಇದು ನಿಮ್ಮದು" ಎಂದಳು.

ರೊಸಾಲಿ ಮೊದಲ ರಿಂಗಿಗೇ ಎತ್ತಿದಳು.

"ಏನೂ ಇಲ್ಲ" ಎಂದೆ.

"ಕಸದಲ್ಲಿ?"

"ಅಲ್ಲೂ ಏನೂ ಇಲ್ಲ."

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ."

"ಏನೂ ಇಲ್ಲ ರೊಸಾಲಿ."

"ಇನ್ನೊಂದ್ಸಲ."

ಹೇಳಿದೆ. ಅವಳು ಸಾಕು ಎನ್ನುವವರೆಗೂ ಹೇಳುತ್ತಲೇ ಇದ್ದೆ.